‘ನಮ್ಮ ನಲ್ಲಿ’ ಕೈ ಬದಲಾದದ್ದು

ಮೊದಲ ಸಲ ನಾನು ಆ್ಯಪನ್ನು ಪಂಪ್‌ಹೌಸಿನ ಮುಬೀನಾಳ ಖಾತೆಗೆ ವರ್ಗಾಯಿಸಿದ್ದು ನಾನು ನಿವೃತ್ತಳಾಗುವ ತಿಂಗಳ ಐದನೇ ತಾರೀಖು, ಸೋಮವಾರ. ಗುರುವಾರ ಬೆಳಿಗ್ಗೆ ನೋಡಿದರೆ ಅದು ನನ್ನ ಖಾತೆಯಲ್ಲಿಯೇ ಇತ್ತು. ಮಾಲೀಕರು ಎಂಬಲ್ಲಿ ನನ್ನ ಹೆಸರು, ಸಹಾಯಕರು ಎಂಬಲ್ಲಿ ಅವಳ ಹೆಸರು, ಏನೂ ನಡೆದೇ ಇಲ್ಲವೆಂಬಂತೆ. ಫೋನಿನ ಗಾಜನ್ನು ಸೆರಗಿನಿಂದ ಒರೆಸಿ ಇನ್ನೊಮ್ಮೆ ನೋಡಿದೆ. ಆಮೇಲೆ ಆ ದಿನದ ನೀರಿನ ಸಮಯಗಳನ್ನು ಹಾಕಿ ಹಲ್ಲುಜ್ಜಲು ಎದ್ದೆ.

ನಮ್ಮ ಊರಿನಲ್ಲಿ ಮನಸ್ಸಿಲ್ಲದೆ ಕೊಟ್ಟದ್ದು ಮೂರನೇ ಬೆಳಿಗ್ಗೆ ಕೊಟ್ಟವರ ಮನೆಗೆ ಹಿಂದಿರುಗುತ್ತದೆ. ಅದಕ್ಕೇ ಇಲ್ಲಿ ಯಾರೂ ಉಡುಗೊರೆ ಬಂದ ಸೀರೆಯನ್ನು ಮೂರು ಬೆಳಗು ಕಳೆಯುವ ತನಕ ಉಡುವುದಿಲ್ಲ, ಪಾತ್ರೆಯಲ್ಲಿ ಅಡುಗೆ ಮಾಡುವುದಿಲ್ಲ. ಉಟ್ಟುಕೊಂಡಿದ್ದಾಗಲೇ ಹೊರಟುಹೋದರೆ ಏನು ಗತಿ ಎಂದು ಹಿರಿಯರು ನಗುತ್ತಾರೆ. ಹಿಂದಿರುಗಿದ ವಸ್ತುವನ್ನು ಹಾಲಿನವನು ಬರುವ ಮೊದಲೇ ಸೆರಗಿನಡಿ ಮುಚ್ಚಿ ಒಯ್ದು ಮತ್ತೆ ಕೊಟ್ಟು ಬರುವುದು ಮರ್ಯಾದೆ. ದಾರಿಯಲ್ಲಿ ಎದುರಾದವರು ಬೇರೆ ಕಡೆ ನೋಡುವುದೂ ಮರ್ಯಾದೆ. ನನ್ನ ಮದುವೆಯಾದ ಹೊಸತರಲ್ಲಿ ಅತ್ತೆ ಕೊಟ್ಟ ಹಿತ್ತಾಳೆ ಕೊಳಗ ಹನ್ನೊಂದು ಸಲ ಅವರ ಕೋಣೆಗೆ ವಾಪಸಾಯಿತು. ಹನ್ನೊಂದು ಸಲವೂ ಅವರು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಂದಿಟ್ಟರು. ಹನ್ನೆರಡನೆಯ ಸಲ ಅದು ನಿಂತಿತು. ನಾವಿಬ್ಬರೂ ಒಂದು ದಿನವೂ ಆ ಬಗ್ಗೆ ಮಾತಾಡಲಿಲ್ಲ. ನಮ್ಮ ಬೀದಿಯ ನಂಜವ್ವ ತವರಿನ ಹೊಲದ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟು ಹೆಬ್ಬೆಟ್ಟು ಒತ್ತಿ ಬಂದಾಗ, ಮೂರನೇ ಬೆಳಿಗ್ಗೆ ಆ ಹೊಲದ ಗಡಿಕಲ್ಲು ಅವಳ ಹೊಸಿಲ ಮೇಲಿತ್ತು. ಅವಳು ಅದನ್ನು ಮಗುವಿನಂತೆ ಸೊಂಟದ ಮೇಲಿಟ್ಟುಕೊಂಡು ಒಂದೂವರೆ ಮೈಲಿ ನಡೆದು ಇಟ್ಟು ಬಂದಳು. ಅದು ಮತ್ತೆ ಬಂತು. ಆರನೆಯ ಸಲ ಅಣ್ಣಂದಿರೇ ಬಂದು, “ಇರ್ಲಿ ಬಿಡು, ನಿನ್ ಸೊಂಟ ಹೋಗತ್ತೆ” ಎಂದು ಒಂದು ಪಟ್ಟಿ ನೆಲ ಬಿಟ್ಟರು. ಹೀಗೆ ಇಲ್ಲಿ ಹೆಂಗಸರ ಮನಸ್ಸು ಹೊಸಿಲ ಮೇಲೆ ಬಂದು ಕೂರುತ್ತದೆ. ಬೇರೆ ಊರುಗಳಲ್ಲಿ ಅದು ಎಲ್ಲಿ ಕೂರುತ್ತದೋ ನನಗೆ ಗೊತ್ತಿಲ್ಲ.

ಆದರೆ ಆ್ಯಪ್ ಒಂದು ಹೀಗೆ ಹಿಂದಿರುಗಿದ್ದು ಯಾರ ನೆನಪಿನಲ್ಲಿಯೂ ಇರಲಿಲ್ಲ.

ನಾನು ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ದೂರವಾಣಿ ನೋಡಿಕೊಂಡವಳು. ಯಾವ ಬೀದಿಗೆ ಯಾವಾಗ ನೀರು ಎಂದು ಹೆಂಗಸರು ಕೇಳುವುದು, ನಾನು ಹೇಳುವುದು. ನಮ್ಮಲ್ಲಿ ನೀರಿಗೆ ನಿಶ್ಚಿತ ಹೊತ್ತಿಲ್ಲ. ಬೆಳಗಿನ ಜಾವ ವಾಲ್ವ್ ತಿರುಗಿಸುವ ಚನ್ನಪ್ಪ ಕೊಳವೆಗಳ ಸ್ಥಿತಿ ನೋಡಿ ಅಂದಂದಿನ ಸರದಿ ನಿರ್ಧರಿಸುತ್ತಾನೆ. ಮೊದಲೆಲ್ಲ ಹೆಂಗಸರು ಕೊಡವನ್ನು ನಲ್ಲಿಯ ಕೆಳಗಿಟ್ಟು ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಸಂಜೆ ತರಗತಿಗೆ ಹೋಗಿ ಕಲಿತು ‘ನಮ್ಮ ನಲ್ಲಿ’ ಎಂಬ ಆ್ಯಪ್ ಮಾಡಿದೆ. ನಾಲ್ಕೂವರೆಗೆ ಚನ್ನಪ್ಪ ಫೋನ್ ಮಾಡಿ ಸರದಿ ಹೇಳುತ್ತಾನೆ, ನಾನು ಬೀದಿಬೀದಿಯ ಸಮಯ ಹಾಕುತ್ತೇನೆ, ಊರಿನ ನಾಲ್ಕು ಸಾವಿರ ಮನೆಗಳವರು ನೋಡಿಕೊಂಡು ಇನ್ನೊಂದಿಷ್ಟು ಹೊತ್ತು ನಿದ್ದೆ ಮಾಡುತ್ತಾರೆ. ಒಂಬತ್ತು ವರ್ಷ ಹೀಗೆ ನಡೆಯಿತು.

ಆ್ಯಪ್ ಇದ್ದದ್ದು ಕಚೇರಿ ನನಗೆ ಕೊಟ್ಟಿದ್ದ ಖಾತೆಯಲ್ಲಿ. ನಾನು ನಿವೃತ್ತಳಾಗುವ ತಿಂಗಳ ಕೊನೆಯ ದಿನ, ಮೂವತ್ತೊಂದು, ಶನಿವಾರ ಸಂಜೆ ಐದಕ್ಕೆ ಆ ಖಾತೆ ಮುಚ್ಚಿಹೋಗುತ್ತಿತ್ತು. ಒಳಗೆ ಏನಿದ್ದರೂ ಅದರೊಂದಿಗೇ ಹೋಗುತ್ತಿತ್ತು. ಹೊಸದನ್ನು ಮಾಡಲು ಐದಾರು ತಿಂಗಳು ಬೇಕು, ಅಷ್ಟು ದಿನ ಹೆಂಗಸರು ಮತ್ತೆ ಚಾಪೆ ಹಾಸಬೇಕು. ಆದ್ದರಿಂದ ಬೇರೆಯವರ ಖಾತೆಗೆ ಮಾಲೀಕತ್ವ ವರ್ಗಾಯಿಸಲೇಬೇಕಿತ್ತು. ಕೆಲಸ ಕಷ್ಟದ್ದಲ್ಲ. ಸದಸ್ಯರ ಪಟ್ಟಿ ತೆರೆಯಬೇಕು, ಹೆಸರು ಆರಿಸಬೇಕು, ‘ಮಾಲೀಕತ್ವ ವರ್ಗಾಯಿಸಿ’ ಎಂಬುದನ್ನು ಒತ್ತಬೇಕು, ಆ್ಯಪಿನ ಹೆಸರನ್ನು ಪೂರ್ತಿ ಬರೆದು ಖಚಿತಪಡಿಸಬೇಕು. ಆಚೆಯವರಿಗೆ ಒಂದು ಪತ್ರ ಹೋಗುತ್ತದೆ, ಅವರು ‘ಒಪ್ಪಿದೆ’ ಎಂದು ಒತ್ತಿದರೆ ಮುಗಿಯಿತು. ಒತ್ತುವ ಮೊದಲು ಕೆಂಪಕ್ಷರದಲ್ಲಿ ಒಂದು ಸಾಲು ಬರುತ್ತದೆ, ‘ಈ ಕ್ರಿಯೆಯನ್ನು ಹಿಂದಕ್ಕೆ ಪಡೆಯಲಾಗದು’ ಎಂದು. ಅದನ್ನು ಬರೆದವರು ನಮ್ಮ ಊರಿನವರಲ್ಲ.

ಮುಬೀನಾಗೆ ಮೂವತ್ತನಾಲ್ಕು. ಪಂಪ್‌ಹೌಸಿನಲ್ಲಿ ಗುಮಾಸ್ತೆ. ಎರಡು ವರ್ಷದಿಂದ ಆ್ಯಪಿನ ದುರಸ್ತಿಯನ್ನೆಲ್ಲ ಅವಳೇ ಮಾಡುತ್ತಿದ್ದಳು, ನನಗಿಂತ ಚೆನ್ನಾಗಿ. ಆ ಗುರುವಾರ ನಾನು ಕಚೇರಿಯ ಮೆಟ್ಟಿಲು ಹತ್ತುವಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

“ಬಂದ್ಬಿಡ್ತಾ ಅಕ್ಕ?”

“ಬಂತು ಕಣೇ.”

“ನಾನು ಮುಟ್ಟೂ ಇಲ್ಲ. ಮೂರು ದಿನ ಸಮಯ ಹಾಕಿದ್ದೂ ನೀವೇ, ನಾನು ಒಳಗಡೆ ಹೋಗೇ ಇಲ್ಲ.”

“ನಿಂದೇನೂ ತಪ್ಪಿಲ್ಲ.”

“ನಂದಿಲ್ಲ ಅಂದ್ರೆ ನಿಮ್ದು ಅಂತಾಯ್ತು,” ಎಂದು ನಕ್ಕಳು. ನಗು ಕಣ್ಣಿನವರೆಗೆ ಹೋಗಲಿಲ್ಲ. ಕೊಟ್ಟದ್ದು ಹಿಂದಿರುಗಿದರೆ ನಾಚಿಕೆ ಕೊಟ್ಟವರಿಗೆ. ಆದರೆ ನೋವು ಪಡೆದವರಿಗೆ. ಇವಳಿಗೆ ಇದು ತಕ್ಕದ್ದಲ್ಲ ಎಂದು ಕೊಟ್ಟವರಿಗೆ ಒಳಗೊಳಗೇ ಅನ್ನಿಸಿರಬೇಕು ಎಂದು ಊರು ತಿಳಿಯುತ್ತದೆ.

ಇಂಜಿನಿಯರ್ ಲಿಂಗಣ್ಣಯ್ಯ ಬೇರೆ ಊರಿನಿಂದ ವರ್ಗವಾಗಿ ಬಂದವರು. ಅವರು ಆ್ಯಪಿನ ಜಾಗ ಒದಗಿಸುವ ದೂರದ ಕಂಪನಿಗೆ ಪತ್ರ ಬರೆದರು. ಬ್ರೌಸರಿನ ಹಳೆಯ ಕಡತಗಳನ್ನು ಅಳಿಸಿ ಮತ್ತೆ ಪ್ರಯತ್ನಿಸಿ ಎಂದು ಉತ್ತರ ಬಂತು. “ಅಳಿಸಿದ್ರಾ ಮೇಡಂ?” ಎಂದು ನನ್ನನ್ನು ಕೇಳಿದರು.

“ಅಳಿಸ್ದೆ ಸಾರ್.”

“ಮತ್ತೆ ಯಾಕೆ ಹೀಗೆ?”

“ಇನ್ನೂ ಏನೋ ಉಳಿದಿರ್ಬೇಕು,” ಎಂದೆ. ಅವರು ಅದನ್ನೂ ಬರೆದುಕೊಂಡರು.

ನಾನು ಮನೆಗೆ ಬಂದು ಯೋಚಿಸಿದೆ. ನನಗೆ ಆ್ಯಪಿನ ಮೇಲೆ ಮೋಹ ಇರಲಿಲ್ಲ. ನಾಲ್ಕೂವರೆಗೆ ಏಳುವುದು ಸಾಕಾಗಿತ್ತು, ಬಲಗಣ್ಣಿಗೆ ಪೊರೆ ಬಂದಿತ್ತು. ಕೊಡಬೇಕೆಂದೇ ಕೊಟ್ಟಿದ್ದೆ. ಹಾಗಾದರೆ ಹಿಡಿದುಕೊಂಡಿರುವುದು ಏನನ್ನು ಎಂದು ಹುಡುಕಿದಾಗ ಮೊದಲು ನೆನಪಾದದ್ದು ‘ನಿಮ್ಮ ಮಾತು’ ಪೆಟ್ಟಿಗೆ.

ನೀರು ಬರದಿದ್ದರೆ ದೂರು ಬರೆಯಲೆಂದು ಅದನ್ನು ಮಾಡಿದ್ದೆ. ಮಾಲೀಕರಿಗೆ ಮಾತ್ರ ಕಾಣುತ್ತದೆ, ಸಹಾಯಕರಿಗೆ ಇಲ್ಲ. ಮೊದಲ ವರ್ಷ ಬರೀ ದೂರುಗಳೇ ಬಂದವು. ಆಮೇಲೆ ದೂರಿನ ಹಿಂದೆ ಇನ್ನೊಂದು ಸಾಲು ಸೇರಿಕೊಳ್ಳತೊಡಗಿತು. ‘ನೀರು ಬಂತು. ಮಗುವಿನ ಜ್ವರ ಇಳಿದಿಲ್ಲ.’ ‘ನೀರು ಕೆಂಪಗಿದೆ. ನನಗೂ ಮುಟ್ಟು ನಿಂತು ಮೂರು ತಿಂಗಳು, ಮನೆಯಲ್ಲಿ ಹೇಳಿಲ್ಲ.’ ‘ಸಣ್ಣಗೆ ಬರುತ್ತಿದೆ. ನಿನ್ನೆ ಅವರು ಹೊಡೆಯಲಿಲ್ಲ.’ ಬರುಬರುತ್ತ ನೀರಿನ ಸಾಲು ಇಲ್ಲದ ಮಾತುಗಳೂ ಬಂದವು. ಸಲಹೆ ಕೊಡಲು ನಾನು ಯಾರು? ಎಲ್ಲಕ್ಕೂ ಒಂದೇ ಉತ್ತರ ಬರೆಯುತ್ತಿದ್ದೆ: ‘ತಲುಪಿತು.’ ಅಷ್ಟಕ್ಕೇ ಅವರು ಮತ್ತೆ ಬರೆಯುತ್ತಿದ್ದರು. ಓದಿದ್ದೇನೋ ಇಲ್ಲವೋ ಎಂದು ಅವರಿಗೆ ಅನುಮಾನ ಬರಬಾರದೆಂದು, ನಾನು ತೆರೆದ ಮಾತಿನ ಕೆಳಗೆ ‘ಓದಲಾಗಿದೆ’ ಎಂದು ಹಸಿರು ಅಕ್ಷರದಲ್ಲಿ ಮೂಡುವಂತೆ ಮಾಡಿದ್ದೆ.

ಮಾಲೀಕತ್ವ ಹೋದರೆ ಈ ಪೆಟ್ಟಿಗೆಯೂ ಹೋಗುತ್ತದೆ. ಅವರ ಗುಟ್ಟುಗಳನ್ನು ಅವರನ್ನು ಕೇಳದೆ ಕೊಡಲು ಹೊರಟಿದ್ದೆ, ಅದಕ್ಕೇ ವಾಪಸಾಗಿದೆ ಎಂದುಕೊಂಡೆ. ಆ್ಯಪಿನಲ್ಲಿಯೇ ಎಲ್ಲರಿಗೂ ತಿಳಿಸಿದೆ: ಇನ್ನು ಮುಂದೆ ನಿಮ್ಮ ಮಾತು ಪಂಪ್‌ಹೌಸಿನ ಮುಬೀನಾ ಅವರಿಗೆ ಸೇರುತ್ತದೆ, ಬೇಡವೆನಿಸಿದವರು ತಮ್ಮದನ್ನು ಅಳಿಸಿಕೊಳ್ಳಬಹುದು. ಆರು ದಿನದಲ್ಲಿ ಮೂವತ್ತೊಂದು ಮಂದಿ ಅಳಿಸಿದರು. ಉಳಿದವರು ಹಾಗೇ ಬಿಟ್ಟರು. ‘ಅವಳೂ ಹೆಂಗಸಲ್ಲವೇ, ಇರಲಿ’ ಎಂದು ಒಬ್ಬಳು ಬರೆದಳು.

ಅಳಿಸಿದ ಮೂವತ್ತೊಂದು ಮಂದಿಯಲ್ಲಿ ನಾನೂ ಒಬ್ಬಳು.

ಕೆರೆ ಬೀದಿ, ಕೊನೆ ಮನೆ ಎಂಬ ಹೆಸರಿನಲ್ಲಿ ನಾನೊಂದು ಖಾತೆ ಇಟ್ಟುಕೊಂಡಿದ್ದೆ. ಮೊದಲಿಗೆ ಪೆಟ್ಟಿಗೆ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ಮಾಡಿದ್ದು. ‘ನೀರು ಬಂದಿಲ್ಲ’ ಎಂದು ಬರೆದೆ, ಮಾಲೀಕಳಾಗಿ ‘ತಲುಪಿತು’ ಎಂದು ಉತ್ತರಿಸಿದೆ. ಉತ್ತರ ಬಂದಾಗ ಫೋನು ಸಣ್ಣಗೆ ಸದ್ದು ಮಾಡಿತು. ಆ ಸದ್ದು ಹಿತವಾಗಿತ್ತು. ಮರುದಿನ ‘ಇವತ್ತು ಅವರು ಪಲ್ಯ ಚೆನ್ನಾಗಿದೆ ಅಂದರು, ನನಗೆ ಏನೂ ಅನ್ನಿಸಲಿಲ್ಲ’ ಎಂದು ಬರೆದೆ. ‘ತಲುಪಿತು.’ ಹೀಗೆ ಒಂಬತ್ತು ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಮಾತುಗಳನ್ನು ನಾನು ನನಗೇ ಕಳಿಸಿದ್ದೆ.

ನನ್ನ ಗಂಡ ನಾಗಭೂಷಣ ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರಾಗಿದ್ದವರು. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಅವರು ಕುಡಿಯುವುದಿಲ್ಲ, ಬೈಯುವುದಿಲ್ಲ, ತಟ್ಟೆಯಲ್ಲಿ ಅನ್ನ ಬಿಡುವುದಿಲ್ಲ. ಅವರ ಮೇಲೆ ದೂರು ಹೇಳಲು ನನ್ನ ಬಳಿ ಒಂದು ಪೂರ್ತಿ ವಾಕ್ಯವಿಲ್ಲ. ಇದ್ದಿದ್ದರೆ ಯಾರಿಗಾದರೂ ಹೇಳಬಹುದಿತ್ತು. ಆರು ವರ್ಷದ ಹಿಂದೆ ಒಂದು ಸಂಜೆ ಕೆರೆ ಬೀದಿಯ ಕೊನೆ ಮನೆ ಬರೆದದ್ದು ಇಷ್ಟು: ‘ನಾಳೆ ಎಂಟರ ಬಸ್ಸಿಗೆ ಹೋಗುತ್ತೇನೆ. ಎಲ್ಲಿಗೆಂದು ಗೊತ್ತಿಲ್ಲ. ವಾಪಸ್ ಬರುವುದಿಲ್ಲ. ಚೀಲ ಕಟ್ಟಿದ್ದೇನೆ.’ ‘ತಲುಪಿತು’ ಎಂದು ಉತ್ತರಿಸಿ ಮಲಗಿದೆ. ಮರುದಿನ ನಾಲ್ಕೂವರೆಗೆ ಚನ್ನಪ್ಪ ಫೋನ್ ಮಾಡಿ ಮೋಟಾರು ಸುಟ್ಟಿದೆ, ಸರದಿಯೆಲ್ಲ ತಲೆಕೆಳಗು ಎಂದ. ಬೀದಿಬೀದಿಯ ಸಮಯ ಬದಲಾಯಿಸುತ್ತ ಕೂತೆ, ಮುಗಿಯುವಾಗ ಒಂಬತ್ತೂವರೆ. ಮಾರನೆಯ ದಿನವೂ ಎಂಟಕ್ಕೆ ಬಸ್ಸಿತ್ತು, ಆದರೆ ಮಾರನೆಯ ದಿನವೂ ನಾಲ್ಕೂವರೆಗೆ ಫೋನ್ ಬಂತು. ನಾನು ಉಳಿದದ್ದು ಗಂಡನಿಗಾಗಿ ಅಲ್ಲ, ಮಗಳಿಗಾಗಿಯೂ ಅಲ್ಲ. ನೀರಿನ ಸಮಯ ಹಾಕಲು ಬೇರೆ ಯಾರೂ ಇರಲಿಲ್ಲ.

ಇದನ್ನು ಮುಬೀನಾ ಓದಬಾರದಿತ್ತು. ನಮ್ಮ ಮನೆಗೆ ಬಂದರೆ ಅವಳು ಮೊದಲು ಮಾತಾಡಿಸುವುದು ನನ್ನ ಗಂಡನನ್ನು. ಅವಳ ಮಗಳಿಗೆ ಅವರು ಮರದ ಬುಗುರಿ ಕಡೆದು ಕೊಟ್ಟಿದ್ದಾರೆ. ಆ ಬುಗುರಿ ಒಂದು ಸಲವೂ ವಾಪಸ್ ಬರಲಿಲ್ಲ.

ಹೀಗೆ ನನ್ನದನ್ನೆಲ್ಲ ಅಳಿಸಿ, ಹದಿನಾಲ್ಕನೇ ತಾರೀಖು ಬುಧವಾರ ಎರಡನೆಯ ಸಲ ಕೊಟ್ಟೆ. ಶನಿವಾರ ಬೆಳಿಗ್ಗೆ ಅದು ನನ್ನ ಖಾತೆಯಲ್ಲಿತ್ತು. ನನ್ನ ಹೊರತು ಅಳಿಸಿದ ಮೂವತ್ತು ಮಂದಿಯ ಮಾತುಗಳು ಅಳಿಸಿಯೇ ಇದ್ದವು. ಕೆರೆ ಬೀದಿ ಕೊನೆ ಮನೆಯವು ಮಾತ್ರ ಒಂದೂ ಬಿಡದೆ, ತಾರೀಖಿನ ಸಮೇತ, ಮೊದಲಿನ ಜಾಗದಲ್ಲಿಯೇ ಇದ್ದವು.

ಈ ಸಲ ಸುದ್ದಿ ಕಚೇರಿಯಿಂದ ಹೊರಗೆ ಹೋಯಿತು. ಎದುರುಮನೆಯ ದೇವೀರಮ್ಮ ಊಟದೆಲೆ ಹಚ್ಚುವ ನೆಪದಲ್ಲಿ ಮುತ್ತುಗದೆಲೆಯ ಕಟ್ಟು ತಂದು ನಮ್ಮ ಜಗಲಿಯ ಮೇಲೆ ಕೂತಳು. ಕಡ್ಡಿ ಮುರಿಯುತ್ತ ಹೇಳಿದಳು, “ಅಂಬುಜಕ್ಕ, ನಾನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು.”

“ಹೇಳಿ.”

“ಆ ಹುಡುಗಿ ಒಳ್ಳೇಳೇ. ಇಲ್ಲ ಅನ್ನಲ್ಲ. ಆದ್ರೂ ನಿಮ್ಮ ಮನಸ್ಸಲ್ಲಿ ಎಲ್ಲೋ ಮುಳ್ಳು ಚುಚ್ತಿರ್ಬೇಕು. ನಮ್ಮೋರಿಗೇ ಯಾರಿಗಾದ್ರೂ ಕೊಟ್ಟು ನೋಡಿ. ನಿಲ್ಲತ್ತೆ.”

“ನಿಮ್ಮ ಸೊಸೆಗೆ ಓಲೆ ಕೊಟ್ರಲ್ಲ, ಎಷ್ಟು ಸಲ ವಾಪಸ್ ಬಂತು?”

ಅವಳು ಒಂದು ಎಲೆ ಹಚ್ಚಿ ಮುಗಿಸಿದಳು. “ನಾಕು ಸಲ.”

“ಅವಳು ನಮ್ಮೋಳೇ ಅಲ್ವಾ?”

“ನಮ್ಮಣ್ಣನ ಮಗಳೇ,” ಎಂದು ದೇವೀರಮ್ಮ ನಗತೊಡಗಿದಳು, ಎಲೆ ಕೈಯಿಂದ ಜಾರುವಷ್ಟು. “ಹೋಗ್ಲಿ ಬಿಡಿ. ನಂಗೇನು, ನೀರಿನ ಹೊತ್ತು ಗೊತ್ತಾದ್ರೆ ಸಾಕು. ಈ ವಯಸ್ಸಲ್ಲಿ ನಲ್ಲಿ ಪಕ್ಕ ಮಲಗೋಕೆ ನನ್ ಕೈಲಾಗಲ್ಲ ತಾಯಿ.”

ಅವಳು ಹೋದ ಮೇಲೆ ನಾನು ನನ್ನನ್ನೇ ಪರೀಕ್ಷಿಸಿಕೊಂಡೆ. ಅವಳು ಹೇಳಿದ ಮುಳ್ಳು ನನ್ನಲ್ಲಿ ಇರಲಾರದು ಎಂದು ಆಣೆಯಿಟ್ಟು ಹೇಳಲು ನಾನು ಅಷ್ಟು ಶುದ್ಧಳಲ್ಲ. ಆದರೆ ದೇವೀರಮ್ಮನಿಗೇ ಕೊಟ್ಟಿದ್ದರೂ, ನನ್ನ ಮಗಳಿಗೇ ಕೊಟ್ಟಿದ್ದರೂ ಅದು ವಾಪಸಾಗುತ್ತಿತ್ತು ಎಂಬುದು ನಿಜ. ಅಳಿಸಿ ಕೊಟ್ಟರೆ ಮುಗಿಯಿತೆಂದು ನಾನು ತಿಳಿದದ್ದೇ ತಪ್ಪು. ಜರಿಯಂಚು ಬಿಚ್ಚಿಟ್ಟುಕೊಂಡು ಕೊಟ್ಟ ಸೀರೆ ಅಂಚನ್ನು ಹುಡುಕಿಕೊಂಡೇ ಬರುತ್ತದೆ, ಇದು ಮಕ್ಕಳಿಗೂ ಗೊತ್ತು. ಮುಬೀನಾ ಓದುತ್ತಾಳೆಂಬ ಭಯ ದೊಡ್ಡದಲ್ಲ. ಒಂಬತ್ತು ವರ್ಷ ನನ್ನ ಮಾತು ಬೇರೆ ಯಾರಿಗೂ ತಲುಪದಂತೆ ನಾನೇ ನೋಡಿಕೊಂಡಿದ್ದೆ. ಹೇಳಿದ್ದೂ ನಾನೇ, ತಲುಪಿತು ಎಂದದ್ದೂ ನಾನೇ. ಆ ವ್ಯವಸ್ಥೆ ನನಗೆ ಒಗ್ಗಿಹೋಗಿತ್ತು. ಕೊಡಲಾಗದೆ ಇದ್ದದ್ದು ಅದನ್ನು.

ಅದು ಗೊತ್ತಾದ ಮೇಲೂ ಹತ್ತು ದಿನ ಸುಮ್ಮನಿದ್ದೆ. ಗೊತ್ತಾಗುವುದಕ್ಕೂ ಮಾಡುವುದಕ್ಕೂ ನಡುವೆ ಹೆಂಗಸರು ಎಷ್ಟೋ ವರ್ಷ ಕೂತಿರುತ್ತಾರೆ. ಹತ್ತು ದಿನ ಕಡಿಮೆಯೇ.

ಇಪ್ಪತ್ತೆಂಟನೇ ತಾರೀಖು ಬುಧವಾರ ಮಧ್ಯಾಹ್ನ ಪಂಪ್‌ಹೌಸಿಗೆ ಹೋದೆ. ಅವತ್ತು ಕೊಟ್ಟರೆ ಮೂರನೇ ಬೆಳಗು ಮೂವತ್ತೊಂದು. ಆಮೇಲೆ ಇನ್ನೊಂದು ಸಲ ಕೊಡಲು ದಿನಗಳಿರಲಿಲ್ಲ. ಮುಬೀನಾ ಊಟದ ಡಬ್ಬಿ ತೊಳೆಯುತ್ತಿದ್ದಳು. ನನ್ನನ್ನು ನೋಡಿ ನೀರು ನಿಲ್ಲಿಸಿದಳು.

“ಒಂದು ಕೇಳ್ಲಾ ಅಕ್ಕ? ನೇರವಾಗಿ ಹೇಳಿ. ನಾನು ಅಂತಾನಾ?”

“ಏನು?”

“ನಾನು ನಿಮ್ಮೋಳಲ್ಲ ಅಂತ ವಾಪಸ್ ಬರ್ತಿದ್ಯಾ? ಬಜಾರಲ್ಲಿ ಹಾಗೇ ಅಂತಾರೆ. ಹಾಗಿದ್ರೆ ಬೇರೆಯವರಿಗೆ ಕೊಡಿ. ಕೆಲಸ ನಾನೇ ಮಾಡ್ತೀನಿ, ಹೆಸರು ಅವರದ್ದಿರ್ಲಿ. ಊರಿಗೆ ನೀರಿನ ಹೊತ್ತು ತಪ್ಪಬಾರ್ದು ಅಷ್ಟೇ.”

“ಅಲ್ಲ. ಕೂತ್ಕೋ. ಕೆರೆ ಬೀದಿ ಕೊನೆ ಮನೆ ಯಾರ್ದು ಗೊತ್ತಾ?”

ಅವಳು ಡಬ್ಬಿ ಒರೆಸುತ್ತ ಕೂತಳು. “ಕೆರೆ ಬೀದೀಲಿ ಕೊನೇದು ಮನೆಯಲ್ಲ ಅಕ್ಕ, ನಮ್ದೇ ಟ್ಯಾಂಕು. ಸದಸ್ಯರ ಪಟ್ಟೀಲಿ ಆ ಹೆಸರು ನೋಡಿ ಎಷ್ಟೋ ಸಲ ತೆಗೆದುಹಾಕೋಣ ಅಂದ್ಕೊಂಡೆ. ಸುಳ್ಳು ಖಾತೆ ಅಂತ. ಆದ್ರೆ ಯಾರೋ ದಿನಾ ಅದನ್ನ ತೆಗೆದು ನೋಡ್ತಾರೆ. ಯಾರಾದ್ರೂ ಆಗ್ಲಿ, ಇರ್ಲಿ ಅಂತ ಬಿಟ್ಟೆ.”

“ಅದು ನಾನು.”

ಅವಳು ಒರೆಸಿದ ಡಬ್ಬಿಗೆ ಮುಚ್ಚಳ ಹಾಕಿದಳು. ಮೋಟಾರಿನ ಸದ್ದು ಗೋಡೆಯಲ್ಲಿ ಗುಂಯ್‌ಗುಡುತ್ತಿತ್ತು. ನಾನು ಫೋನ್ ತೆಗೆದು, ಅವಳ ಹೆಸರು ಆರಿಸಿ, ‘ನಮ್ಮ ನಲ್ಲಿ’ ಎಂದು ಪೂರ್ತಿ ಬರೆದು ಒತ್ತಿದೆ. ಅವಳ ಫೋನು ಮೇಜಿನ ಮೇಲೆ ನಡುಗಿತು. ಅವಳು ‘ಒಪ್ಪಿದೆ’ ಒತ್ತಿ ಫೋನನ್ನು ಕವುಚಿ ಇಟ್ಟಳು.

“ಹಾಗೆ ಇಡ್ಬೇಡ. ಇವತ್ತಿಂದಾನೇ ತೆಗಿ. ಪೆಟ್ಟಿಗೇನೂ ತೆಗಿ.”

“ಮೂರು ಬೆಳಗು ಆಗ್ದೆ ಮುಟ್ಟಬಾರ್ದು ಅಕ್ಕ. ನಮ್ಮಮ್ಮಿಗೆ ಗೊತ್ತಾದ್ರೆ ಬೈತಾರೆ.”

“ಹೊಸ ಸೀರೇನ ಮೂರು ದಿನ ಪೆಟ್ಟಿಗೇಲಿ ಮುಚ್ಚಿಟ್ರೆ ಕೊಟ್ಟವಳಿಗೆ ಅದು ಇನ್ನೂ ತನ್ನದೇ ಅನ್ಸತ್ತೆ. ನೀನು ಉಟ್ಟಿದ್ದನ್ನ ನಾನು ನೋಡ್ಬೇಕು. ನಾಳೆ ಸಮಯ ನೀನೇ ಹಾಕು. ಚನ್ನಪ್ಪನಿಗೆ ನಿನ್ನ ನಂಬರ್ ಕೊಟ್ಟಿದ್ದೀನಿ. ಮತ್ತೆ, ಕೊನೆ ಮನೇದು ಎಲ್ಲಾ ಓದು. ಒಂದೂ ಬಿಡ್ಬೇಡ.”

“ಓದಿ ಏನು ಮಾಡ್ಲಿ?”

“ಏನೂ ಮಾಡ್ಬೇಡ.”

ಗುರುವಾರ ನಾಲ್ಕೂವರೆಗೆ ಎಚ್ಚರವಾಯಿತು, ಫೋನ್ ಬರಲಿಲ್ಲ. ಐದಕ್ಕೆ ಸಮಯಗಳು ಬಂದಿದ್ದವು. ಹತ್ತು ಗಂಟೆಯ ಸುಮಾರಿಗೆ ಕೊನೆ ಮನೆಯ ಖಾತೆ ತೆರೆದೆ. ಮಾಲೀಕರು ಬದಲಾದಾಗ ಹಳೆಯ ಹಸಿರು ಗುರುತುಗಳೆಲ್ಲ ಮಾಸಿ, ಹೊಸ ಮಾಲೀಕರು ತೆರೆದಂತೆ ಮತ್ತೆ ಮೂಡುತ್ತವೆ. ಮೊದಲನೆಯ ಮಾತಿನ ಕೆಳಗೆ ‘ಓದಲಾಗಿದೆ’ ಎಂದಿತ್ತು. ನೋಡುತ್ತಿರುವಾಗಲೇ ಎರಡನೆಯದರ ಕೆಳಗೆ ಮೂಡಿತು. ಪಲ್ಯದ್ದು. ಅವಳು ಹಳೆಯದರಿಂದ ಹಿಡಿದು ಕ್ರಮವಾಗಿ ಓದುತ್ತಿದ್ದಳು. ಕೆಲಸದ ನಡುವೆ ನಿಲ್ಲಿಸುತ್ತಿದ್ದಳು, ಮತ್ತೆ ಆರಂಭಿಸುತ್ತಿದ್ದಳು. ಅಮ್ಮ ತೀರಿಕೊಂಡಾಗ ಬಾರದ ಅಳು ಕುಕ್ಕರಿನ ಗ್ಯಾಸ್ಕೆಟ್ ಹರಿದ ದಿನ ಬಂದದ್ದು, ಮಗಳ ಮದುವೆಯ ಮಾರನೆಯ ದಿನ ಖಾಲಿ ಮಂಟಪದಲ್ಲಿ ಕೂತಿದ್ದು, ಒಂದು ಭಾನುವಾರ ಗಂಡ ಇಡೀ ದಿನ ನನ್ನ ಜೊತೆ ಆಡಿದ ಮಾತುಗಳನ್ನು ನಾನು ಎಣಿಸಿದ್ದು. ಒಂದೊಂದರ ಕೆಳಗೂ ಹಸಿರು ಅಕ್ಷರ ಮೂಡಿತು. ಬೆನ್ನಿಗೆ ಯಾರೋ ಸೀಗೆಪುಡಿ ಹಚ್ಚಿ ತಿಕ್ಕುತ್ತಿರುವಂತೆ ಉರಿಯೂ ಆಯಿತು, ಹಗುರವೂ ಆಯಿತು.

ಶುಕ್ರವಾರ ರಜೆ ಹಾಕಿ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಎರಡು ಗಂಟೆಗೆ ಅವಳು ಬಸ್ಸಿನ ಮಾತಿನ ಹಿಂದಿನದಕ್ಕೆ ಬಂದಿದ್ದಳು. ಇದೊಂದನ್ನು ಅವಳು ಓದದಿದ್ದರೆ ಸಾಕು ಎಂಬ ಆಸೆ ಎದ್ದು ನಿಂತಿತು. ಆ ಆಸೆ ಏಳುತ್ತಿದ್ದಂತೆಯೇ ನನಗೆ ಗೊತ್ತಾಯಿತು, ಇದು ಹೀಗೇ ಇದ್ದರೆ ನಾಳೆ ಬೆಳಿಗ್ಗೆ ಎಲ್ಲವೂ ನನ್ನ ಖಾತೆಗೆ ಬರುತ್ತದೆ, ಸಂಜೆ ಐದಕ್ಕೆ ಅಳಿದುಹೋಗುತ್ತದೆ, ನಾಡಿದ್ದು ದೇವೀರಮ್ಮ ನಲ್ಲಿಯ ಪಕ್ಕ ಚಾಪೆ ಹಾಸುತ್ತಾಳೆ. ಆಸೆಯನ್ನು ಒತ್ತಿಟ್ಟರೆ ಪ್ರಯೋಜನವಿಲ್ಲ. ಮುಚ್ಚಿಡಲು ಏನೂ ಉಳಿಯಬಾರದು. ಮುಚ್ಚಿಟ್ಟದ್ದು ಮುಬೀನಾಳಿಂದಲ್ಲ.

ನನ್ನ ಗಂಡ ಹಿತ್ತಿಲಲ್ಲಿ ಕುರ್ಚಿಯ ಕಾಲಿನ ಬಿರುಕಿಗೆ ಗರಗಸದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತೆ.

“ಆರು ವರ್ಷದ ಹಿಂದೆ ನಾನು ನಿಮ್ಮನ್ನ ಬಿಟ್ಟು ಹೋಗೋಳಿದ್ದೆ,” ಎಂದೆ. “ಚೀಲ ಕಟ್ಟಿದ್ದೆ. ಎಂಟರ ಬಸ್ಸು ಅಂತ ನೋಡಿಟ್ಟಿದ್ದೆ.”

ಅವರು ಅಂಟಿನ ಕಡ್ಡಿಯನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟರು.

“ನಾನೇನು ಮಾಡಿದ್ದೆ?”

“ಏನೂ ಮಾಡಿರ್ಲಿಲ್ಲ.”

“ಹೂಂ,” ಎಂದರು. ಅದು ತಮ್ಮ ಪರವಾದ ಮಾತಲ್ಲ ಎಂದು ಅವರಿಗೆ ತಿಳಿಯಿತು. “ಮತ್ತೆ ಯಾಕೆ ಹೋಗ್ಲಿಲ್ಲ?”

“ನೀರಿನ ಸಮಯ ಹಾಕ್ಬೇಕಿತ್ತು.”

“ಅಷ್ಟೇನಾ?”

“ಅಷ್ಟೇ.”

ಅವರು ಕೈಗೆ ಮೆತ್ತಿದ್ದ ಅಂಟನ್ನು ಬೆರಳಿನಿಂದ ಉಜ್ಜಿ ಉಜ್ಜಿ ತೆಗೆದರು. “ಅದನ್ನ ಈಗ ಆ ಹುಡುಗೀಗೆ ಕೊಟ್ಟಿದ್ದೀಯಲ್ಲ.”

“ಕೊಟ್ಟಿದ್ದೀನಿ.”

“ನಾಳೆಗೆ ಮೂರು ಬೆಳಗು ಆಗತ್ತೆ.”

“ಆಗತ್ತೆ.”

ಅವರು ಕುರ್ಚಿಯನ್ನು ತಿರುಗಿಸಿ ಇನ್ನೊಂದು ಕಾಲನ್ನು ನೋಡತೊಡಗಿದರು, ಅದರಲ್ಲಿ ಬಿರುಕೇನೂ ಇರಲಿಲ್ಲ. ನಾನು ಒಳಗೆ ಬಂದು ಫೋನ್ ತೆಗೆದಾಗ ಬಸ್ಸಿನ ಮಾತಿನ ಕೆಳಗೆ ‘ಓದಲಾಗಿದೆ’ ಎಂದಿತ್ತು. ಯಾವಾಗ ಮೂಡಿತೋ ನಾನು ನೋಡಲಿಲ್ಲ. ಸಂಜೆಯ ಹೊತ್ತಿಗೆ ಅವಳು ಕೊನೆಯದನ್ನೂ ಮುಗಿಸಿದ್ದಳು. ಯಾವುದಕ್ಕೂ ಉತ್ತರ ಬರೆಯಲಿಲ್ಲ.

ಶನಿವಾರ ಎದ್ದಾಗ ಪಕ್ಕದ ಹಾಸಿಗೆ ಖಾಲಿಯಿತ್ತು. ಅವರು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಮದುವೆಯಾದ ಮೂವತ್ತಮೂರು ವರ್ಷದಲ್ಲಿ ಅವರನ್ನು ಆ ಹೊತ್ತಿನಲ್ಲಿ ಎಚ್ಚರವಾಗಿ ನೋಡಿದ್ದು ಅದೇ ಮೊದಲು. ಷರಟಿನ ಗುಂಡಿ ಒಂದು ಕಾಜ ತಪ್ಪಿತ್ತು. ನಾನು ಕಚೇರಿಯ ಖಾತೆ ತೆರೆದು ಆ್ಯಪಿನ ಮಾಲೀಕರ ಪುಟ ಒತ್ತಿದೆ. ಅದು ಸ್ವಲ್ಪ ಹೊತ್ತು ತಿರುಗಿತು. ‘ಈ ಪುಟ ನೋಡಲು ನಿಮಗೆ ಅನುಮತಿ ಇಲ್ಲ’ ಎಂದು ಬಂತು.

“ಬಂತಾ?” ಎಂದರು.

“ಇಲ್ಲ. ಅಲ್ಲೇ ನಿಂತಿದೆ.”

ಅವರು ತಲೆಯಾಡಿಸಿದರು. ಗೋಡೆ ಗಡಿಯಾರದ ಕಡೆ ನೋಡಿದರು. ಎಂಟರ ಬಸ್ಸಿಗೆ ಇನ್ನೂ ಮೂರು ಗಂಟೆಯಿತ್ತು. ಅವರು ನೋಡಿದ್ದು ಅದನ್ನೇ ಎಂದು ನನಗೂ ಗೊತ್ತಿತ್ತು.

“ನಮ್ಮ ಬೀದಿಗೆ ಎಷ್ಟೊತ್ತಿಗಂತೆ ನೀರು?”

ನನಗೆ ಗೊತ್ತಿರಲಿಲ್ಲ. ಎಲ್ಲ ಹೆಂಗಸರಂತೆ ಆ್ಯಪ್ ತೆರೆದು ನಮ್ಮ ಬೀದಿಯನ್ನು ಹುಡುಕಿದೆ. “ಐದೂ ಹತ್ತಕ್ಕೆ.”

ಅವರು ಎದ್ದು ಕೊಡಗಳ ಮುಂದೆ ನಿಂತರು. ಯಾವುದನ್ನು ಮೊದಲು ಇಡಬೇಕು, ಯಾವುದು ಕುಡಿಯಲು, ಯಾವುದು ಬಳಸಲು ಎಂದು ಅವರಿಗೆ ತಿಳಿಯದು. ಒಂದನ್ನು ಎತ್ತಿ, ಇಳಿಸಿ, ಇನ್ನೊಂದನ್ನು ಎತ್ತಿದರು. ನನ್ನ ಕಡೆ ತಿರುಗಿ ನೋಡಲಿಲ್ಲ, ಕೇಳಲಿಲ್ಲ. ಹಿತ್ತಿಲ ನಲ್ಲಿಯಲ್ಲಿ ಮೊದಲು ಗಾಳಿಯ ಸದ್ದು ಬಂತು, ಆಮೇಲೆ ನೀರು. ಹೇಳಿಕೊಡಲು ಎದ್ದವಳು ಹೊಸಿಲವರೆಗೆ ಹೋಗಿ ಅಲ್ಲಿಯೇ ಕೂತೆ. ಹೋಗಲೇ, ಇರಲೇ ಎಂದು ಇನ್ನೂ ತೀರ್ಮಾನಿಸಿರಲಿಲ್ಲ. ಹೋದರೂ ಇದ್ದರೂ ಇನ್ನು ನಾನೇ ನಿರ್ಧರಿಸಬೇಕಿತ್ತು, ನೀರಿನ ಸಮಯದ ಕಾರಣ ಇನ್ನಿರಲಿಲ್ಲ. ಅವರು ಕೊಡ ತುಂಬಿ ಹೊರಚೆಲ್ಲುವವರೆಗೆ ಕಾಯುವುದನ್ನು ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ.